ಹದಿಮೂರು ವರ್ಷದ ಎಣ್ಣೆ: ಒಂದು ವಾಚನ್ನು ಸರ್ವಿಸಿಗೆ ಕೊಟ್ಟ ದಿನಚರಿ

ಸೋಮವಾರ ಬೆಳಿಗ್ಗೆ ಮೊಬೈಲಿನ ಸಮಯಕ್ಕೆ ಸರಿಯಾಗಿ ಹೊಂದಿಸಿದ್ದ ವಾಚು ಮಂಗಳವಾರ ಬೆಳಿಗ್ಗೆ ಒಂದೂವರೆ ನಿಮಿಷ ಮುಂದಿತ್ತು. ಬುಧವಾರ ಮೂರು ನಿಮಿಷ. ದಿನಕ್ಕೆ ನಾಲ್ಕೈದು ಸೆಕೆಂಡಿಗಿಂತ ಆಚೆ ಎಂದೂ ಹೋಗದಿದ್ದ ವಾಚು ಇದು. ಸರ್ವಿಸಿಗೆ ಕೊಡುವ ಕಾಲ ಬಂತು ಎಂದುಕೊಂಡೆ. ತೀರ್ಮಾನ ಸರಿಯಾಗಿತ್ತು, ಕಾರಣ ಮಾತ್ರ ಪೂರ್ತಿ ತಪ್ಪಾಗಿತ್ತು. ಅಲ್ಲಿಂದ ಮುಂದಿನ ನಾಲ್ಕು ತಿಂಗಳ ಟಿಪ್ಪಣಿಗಳನ್ನು ಒಂದೆಡೆ ಸೇರಿಸಿದ್ದೇನೆ.

ವಾಚಿನ ಪರಿಚಯ ಮೊದಲು. 1995ರ ಡೈವಿಂಗ್ ವಾಚು, 300 ಮೀಟರ್ ಎಂದು ಡಯಲ್ ಮೇಲೆ ಬರೆದಿದೆ. ಡಯಲ್ ಮೇಲಿನ ಹೆಸರು ಇಲ್ಲಿ ಬೇಡ. ಮುಂದೆ ಒಂದೆರಡು ದೂರುಗಳೂ ಬರಲಿವೆ, ಹೆಸರು ಹೇಳಿ ದೂರುವ ಇಷ್ಟ ನನಗಿಲ್ಲ. ಒಳಗಿನ ಯಂತ್ರವನ್ನು ಹೇಳಲೇಬೇಕು: ವಾಚಿನ ಯಂತ್ರಗಳನ್ನು ತಯಾರಿಸುವ ಸ್ವಿಸ್ ಕಂಪನಿ ಇಟಿಎಯ 2892-ಎ2. 25.6 ಮಿಲಿಮೀಟರ್ ಅಗಲ, 3.6 ಮಿಲಿಮೀಟರ್ ದಪ್ಪದ ಸ್ವಯಂಚಾಲಿತ ಯಂತ್ರ. ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ ಎಂಟು, ದಿನಕ್ಕೆ 6,91,200, ವರ್ಷಕ್ಕೆ 25 ಕೋಟಿಗೂ ಹೆಚ್ಚು. ಹತ್ತಾರು ಬ್ರಾಂಡುಗಳು ತಮ್ಮ ದುಬಾರಿ ವಾಚುಗಳೊಳಗೆ ಇದನ್ನೇ ಕೂರಿಸಿ, ಮೇಲೊಂದಿಷ್ಟು ಅಲಂಕಾರ ಮಾಡಿ ಮಾರಿವೆ. ನಾನು ಇದನ್ನು ಕೊಂಡದ್ದು ಎರಡನೆಯ ಕೈಯಲ್ಲಿ. ಜೊತೆಗೆ ಬಂದ ಚೀಟಿಯ ಪ್ರಕಾರ ಕೊನೆಯ ಸರ್ವಿಸ್ 2011ರಲ್ಲಿ. ಈ ಟಿಪ್ಪಣಿ ಶುರುವಾಗುವುದು 2024ರಲ್ಲಿ. ಒಳಗಿನ ಎಣ್ಣೆಗೆ ಹದಿಮೂರು ವರ್ಷ ವಯಸ್ಸು.

ಮೊದಲ ವಾರ: ದಿಕ್ಸೂಚಿ

ಮೆಕ್ಯಾನಿಕಲ್ ವಾಚು ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡಿದರೆ ಮೊದಲು ಅನುಮಾನಿಸಬೇಕಾದದ್ದು ಎಣ್ಣೆಯನ್ನಲ್ಲ, ಅಯಸ್ಕಾಂತವನ್ನು. ಹೇರ್‌ಸ್ಪ್ರಿಂಗಿನ (ವಾಚಿನ ಬಡಿತವನ್ನು ನಿಯಂತ್ರಿಸುವ ಸಣ್ಣ ಸ್ಪ್ರಿಂಗು) ಸುರುಳಿಗಳು ಕಾಂತತೆ ಹಿಡಿದು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗು ಗಿಡ್ಡವಾದಂತೆ ವರ್ತಿಸುತ್ತದೆ. ಗಿಡ್ಡ ಸ್ಪ್ರಿಂಗು ವೇಗವಾಗಿ ಬಡಿಯುತ್ತದೆ. ಎಣ್ಣೆ ಹಳೆಯದಾಗುವುದು ವರ್ಷಗಳ ಕೆಲಸ, ಅದು ಸೋಮವಾರದಿಂದ ಮಂಗಳವಾರಕ್ಕೆ ಆಗುವುದಿಲ್ಲ.

ಸೂಜಿಯ ದಿಕ್ಸೂಚಿಯೊಂದನ್ನು ಮೇಜಿನ ಮೇಲಿಟ್ಟು ವಾಚನ್ನು ಅದರ ಪಕ್ಕಕ್ಕೆ ನಿಧಾನವಾಗಿ ತಂದೆ. ಸೂಜಿ ಹೊರಳಿತು. ಉಕ್ಕಿನ ಕವಚಕ್ಕೇ ಸೂಜಿ ತುಸು ಅಲುಗುವುದುಂಟು, ಇದು ಹಾಗಲ್ಲ; ವಾಚು ತಿರುಗಿಸಿದಂತೆ ಸೂಜಿಯೂ ಹಿಂದೆಯೇ ತಿರುಗುತ್ತಿತ್ತು. ಅಪರಾಧಿ ಯಾರೆಂದು ಹುಡುಕುವುದು ಕಷ್ಟವಾಗಲಿಲ್ಲ. ರಾತ್ರಿ ವಾಚು ಬಿಚ್ಚಿಡುತ್ತಿದ್ದ ಜಾಗಕ್ಕೆ ಹಿಂದಿನ ವಾರವಷ್ಟೇ ಒಂದು ಟ್ಯಾಬ್ಲೆಟ್ ಬಂದು ಕೂತಿತ್ತು. ಅದರ ಕವರಿನ ಅಂಚಿನಲ್ಲಿ ಅಯಸ್ಕಾಂತಗಳ ಸಾಲು.

ಕಾಂತತೆ ತೆಗೆಯುವ ಸುರುಳಿ ಸಣ್ಣ ಪೆಟ್ಟಿಗೆಯಂತಹ ಸಾಧನ. ಗುಂಡಿ ಒತ್ತಿ ಹಿಡಿದುಕೊಂಡೇ ವಾಚನ್ನು ಅದರ ಮೇಲಿನಿಂದ ನಿಧಾನವಾಗಿ ಕೈಯಳತೆ ದೂರಕ್ಕೆ ಎತ್ತಬೇಕು, ಆಮೇಲೆ ಗುಂಡಿ ಬಿಡಬೇಕು. ವಾಚು ಇನ್ನೂ ಸಾಧನದ ಮೇಲಿರುವಾಗಲೇ ಗುಂಡಿ ಬಿಟ್ಟರೆ ಕಾಂತತೆ ಹೋಗುವ ಬದಲು ಹೊಸದಾಗಿ ಏರಿ ಕೂರುತ್ತದೆ. ನಾನು ಎರಡು ಸಲ ಮಾಡಿದೆ. ಗುರುವಾರ ಬೆಳಿಗ್ಗೆ ನೋಡಿದಾಗ ವಾಚು ನಾಲ್ಕು ಸೆಕೆಂಡು ಮುಂದಿತ್ತು. ಎಂದಿನಂತೆ.

ಇಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಇನ್ನೂ ನಾಲ್ಕೈದು ವರ್ಷ ಹಾಗೆಯೇ ಕಟ್ಟಿಕೊಂಡು ಓಡಾಡುತ್ತಿದ್ದೆ. ಆದರೆ ಸಲಕರಣೆಗಳ ಪೆಟ್ಟಿಗೆ ತೆರೆದಿತ್ತು, ಟೈಮ್‌ಗ್ರಾಫರ್ ಕಣ್ಣೆದುರಿಗೇ ಇತ್ತು.

ಬೀಸು

ಟೈಮ್‌ಗ್ರಾಫರ್ ಅಂದರೆ ವಾಚಿನ ನಾಡಿ ಹಿಡಿಯುವ ಯಂತ್ರ. ವಾಚನ್ನು ಅದರ ಮೈಕ್ರೊಫೋನಿಗೆ ಸಿಕ್ಕಿಸಿದರೆ ಬಡಿತದ ಸದ್ದು ಕೇಳಿ ಮೂರು ಸಂಗತಿ ಹೇಳುತ್ತದೆ. ದಿನಕ್ಕೆ ಎಷ್ಟು ಸೆಕೆಂಡು ಹೆಚ್ಚು ಕಡಿಮೆ. ಟಿಕ್ ಮತ್ತು ಟಾಕ್ ನಡುವೆ ಎಷ್ಟು ಅಸಮತೆ. ಮತ್ತು ಆಂಪ್ಲಿಟ್ಯೂಡ್, ಅಂದರೆ ಹಿಂದಕ್ಕೂ ಮುಂದಕ್ಕೂ ಆಡಿ ಬಡಿತ ಕೊಡುವ ಬ್ಯಾಲೆನ್ಸ್ ಚಕ್ರ ನಡುವಿನಿಂದ ಒಂದು ಪಕ್ಕಕ್ಕೆ ಎಷ್ಟು ಡಿಗ್ರಿ ತಿರುಗುತ್ತಿದೆ ಎಂಬ ಲೆಕ್ಕ. ಅದನ್ನು ಬೀಸು ಎಂದೇ ಕರೆಯುತ್ತೇನೆ. ಎಲ್ಲರೂ ನೋಡುವುದು ಮೊದಲನೆಯದನ್ನು, ಸೆಕೆಂಡಿನ ಲೆಕ್ಕವನ್ನು. ಸರ್ವಿಸ್ ಬೇಕೇ ಬೇಡವೇ ಎಂದು ಹೇಳುವುದು ಹೆಚ್ಚಾಗಿ ಮೂರನೆಯದು.

ಮೊದಲ ಓದಿನಲ್ಲೇ ಒಂದು ಎಡವಟ್ಟು. ಬೀಸು ಅಳೆಯಬೇಕಾದರೆ ಯಂತ್ರಕ್ಕೆ ಆ ವಾಚಿನ ಲಿಫ್ಟ್ ಆ್ಯಂಗಲ್ (ಪ್ರತಿ ಬಡಿತದಲ್ಲಿ ತಳ್ಳು ಸಿಗುವಾಗ ಬ್ಯಾಲೆನ್ಸ್ ಚಕ್ರ ತಿರುಗುವ ಕೋನ) ಎಷ್ಟೆಂದು ಮುಂಚೆಯೇ ತಿಳಿಸಬೇಕು. ನನ್ನ ಯಂತ್ರ ತಾನಾಗಿ 52 ಡಿಗ್ರಿ ಇಟ್ಟುಕೊಂಡಿರುತ್ತದೆ. 2892-ಎ2ಗೆ ಬೇಕಾದದ್ದು 51. ನೋಡದೆ ಅಳೆದೆ, 257 ಬಂತು. ಸರಿಪಡಿಸಿದ ಮೇಲೆ 252. ಐದು ಡಿಗ್ರಿ ದೊಡ್ಡ ತಪ್ಪೇನಲ್ಲ. ಆದರೆ ಒಮೆಗಾದ ಕೊಆ್ಯಕ್ಸಿಯಲ್ ಎಂಬ ಬೇರೆ ವಿನ್ಯಾಸದ ವಾಚುಗಳಿಗೆ ಈ ಕೋನ 38ರ ಆಸುಪಾಸು. ಅದನ್ನು 52ಕ್ಕೆ ಬಿಟ್ಟು ಅಳೆದರೆ ಇರಲಾರದ ಸಂಖ್ಯೆಗಳು ಬರುತ್ತವೆ. ಹಾಗೆ ಅಳೆದು ಗಾಬರಿಗೊಂಡವರ ಸಾಲಿನಲ್ಲಿ ನಾನೂ ಒಮ್ಮೆ ನಿಂತಿದ್ದೆ.

ಪೂರ್ತಿ ಕೀ ಕೊಟ್ಟು, ಅರ್ಧ ಗಂಟೆ ಓಡಲು ಬಿಟ್ಟು, ಐದು ಭಂಗಿಗಳಲ್ಲಿ ಅಳೆದೆ. ಡಯಲ್ ಮೇಲ್ಮುಖವಾಗಿ: ಬೀಸು 252, ದಿನಕ್ಕೆ ಒಂಬತ್ತು ಸೆಕೆಂಡು ಹೆಚ್ಚು. ಡಯಲ್ ಕೆಳಮುಖವಾಗಿ: 248, ಏಳು ಹೆಚ್ಚು. ಕ್ರೌನ್, ಅಂದರೆ ಕೀ ಕೊಡುವ ಪಕ್ಕದ ಗುಂಡಿ, ಮೇಲೆ: 217, ಸರಿಸಮ. ಕ್ರೌನ್ ಕೆಳಗೆ: 214, ಐದು ಕಡಿಮೆ. ಕ್ರೌನ್ ಎಡಕ್ಕೆ: 210, ಮೂರು ಕಡಿಮೆ. ಟಿಕ್–ಟಾಕ್ ಅಸಮತೆ 0.9 ಮಿಲಿಸೆಕೆಂಡ್.

ಕೈಯಲ್ಲಿದ್ದಾಗ ದಿನಕ್ಕೆ ನಾಲ್ಕು ಸೆಕೆಂಡು ಹೆಚ್ಚು ಎನ್ನುವ ಆ ಒಳ್ಳೆಯ ಸಂಖ್ಯೆ ಎಲ್ಲಿಂದ ಬರುತ್ತಿತ್ತೆಂದು ಈಗ ಗೊತ್ತಾಯಿತು. ರಾತ್ರಿ ಮಲಗಿಸಿಟ್ಟಾಗ ಗಳಿಸಿದ್ದನ್ನು ಹಗಲು ಕೈ ಕೆಳಗೆ ಬಿಟ್ಟು ನಡೆದಾಗ ಕಳೆಯುತ್ತಿತ್ತು. ಎರಡು ತಪ್ಪುಗಳು ಸೇರಿ ಒಂದು ಸರಿ. ನಾನು ವರ್ಷಗಟ್ಟಲೆ ನಂಬಿದ್ದು ಆ ಸರಾಸರಿಯನ್ನು.

ಪೂರ್ತಿ ಕೀ ಕೊಟ್ಟ ಆರೋಗ್ಯವಂತ ವಾಚಿನ ಬೀಸು, ಮಲಗಿಸಿಟ್ಟಾಗ, ಸುಮಾರು 270ರಿಂದ 310ರ ನಡುವೆ ಇರಬೇಕು. 252 ಎಂದರೆ ಕಾಯಿಲೆಯಲ್ಲ, ಆಯಾಸ. ನಿಜವಾದ ಪರೀಕ್ಷೆ ಇಪ್ಪತ್ನಾಲ್ಕು ಗಂಟೆಯ ನಂತರದ್ದು. ಕೀ ಕೊಟ್ಟು ಬಿಗಿದ ಮುಖ್ಯ ಸ್ಪ್ರಿಂಗಿನ ಬಲ ಇಳಿದ ಮೇಲೆ ಯಂತ್ರ ತನ್ನ ಕಷ್ಟವನ್ನು ಮುಚ್ಚಿಡಲಾರದು. ಮರುದಿನ ಅದೇ ಹೊತ್ತಿಗೆ ಮತ್ತೆ ಇಟ್ಟೆ. ಮಲಗಿಸಿದಾಗ 201. ಕ್ರೌನ್ ಕೆಳಗೆ 171, ದಿನಕ್ಕೆ 19 ಸೆಕೆಂಡು ಕಡಿಮೆ. ಹಾಗೆಯೇ ಬಿಟ್ಟೆ, ಕೀ ಕೊಟ್ಟ 34ನೆಯ ಗಂಟೆಗೆ ನಿಂತಿತು. ಈ ಯಂತ್ರ 42 ಗಂಟೆ ಓಡಬೇಕು.

ಮುಚ್ಚಳ

ಹಿಂಬದಿಯ ಮುಚ್ಚಳ ತಿರುಪಿನದು. ರಬ್ಬರ್ ಚೆಂಡನ್ನು ಒತ್ತಿ ತಿರುಗಿಸಿದರೆ ಎಷ್ಟೋ ಮುಚ್ಚಳಗಳು ಗೀರಿಲ್ಲದೆ ಬಿಚ್ಚಿಕೊಳ್ಳುತ್ತವೆ. ಇದು ಬಿಚ್ಚಿಕೊಳ್ಳಲಿಲ್ಲ. ಮೂರು ಹಲ್ಲಿನ ಕೀಲಿ ಹಾಕಿದೆ. ಎರಡನೆಯ ಎಳೆತಕ್ಕೆ ಒಂದು ಹಲ್ಲು ಜಾರಿ, ಮುಚ್ಚಳದ ಮೇಲೆ ಉಗುರಿನುದ್ದದ ಗೀರು ಎಳೆಯಿತು. ಹಲ್ಲುಗಳ ಮೇಲೆ ತೆಳು ಟೇಪು ಸುತ್ತಬೇಕಿತ್ತು, ವಾಚನ್ನು ಕೈಯಲ್ಲಿ ಹಿಡಿಯದೆ ಹಿಡಿಕೆಯಲ್ಲಿ ಬಿಗಿಯಬೇಕಿತ್ತು. ಎರಡೂ ಗೊತ್ತಿತ್ತು, ಎರಡನ್ನೂ ಮಾಡಿರಲಿಲ್ಲ.

ಮುಚ್ಚಳದ ಒಳಮೈಯಲ್ಲಿ ಸೂಜಿಯ ಮೊನೆಯಿಂದ ಗೀಚಿದ ಎರಡು ಗುರುತುಗಳಿದ್ದವು. ರಿಪೇರಿಯವರು ತಮ್ಮ ನೆನಪಿಗೆ ಹೀಗೆ ಗೀಚಿಡುವುದು ಹಳೆಯ ರೂಢಿ. ಒಂದರಲ್ಲಿ 03, ಇನ್ನೊಂದರಲ್ಲಿ 11. ಚೀಟಿ ಸುಳ್ಳು ಹೇಳಿರಲಿಲ್ಲ.

ಆಮೇಲೆ ಮಾಡಿದ್ದು ಯಾರೂ ಮಾಡಿ ನೋಡಬಹುದಾದ ಪರೀಕ್ಷೆ. ಮುಚ್ಚಳ ತೆಗೆದಿರುವಾಗ ಕ್ರೌನ್ ತಿರುಗಿಸಿ ನಿಧಾನವಾಗಿ ಕೀ ಕೊಡುತ್ತಾ ರೋಟರನ್ನು ನೋಡಿದೆ. ರೋಟರ್ ಕೈ ಚಲನೆಯಿಂದ ಸ್ಪ್ರಿಂಗನ್ನು ಸುತ್ತಬೇಕಾದ ಅರ್ಧಚಂದ್ರದ ತೂಕ; ನಾವು ಕೀ ಕೊಡುವಾಗ ಅದು ಸುಮ್ಮನಿರಬೇಕು. ಇಲ್ಲಿ ಅದು ಗಿರಗಿರನೆ ತಿರುಗಿತು. ನಡುವೆ ಇರುವ ರಿವರ್ಸರ್ ಚಕ್ರಗಳು ಒಂದು ದಿಕ್ಕಿಗೆ ಹಿಡಿದು ಇನ್ನೊಂದಕ್ಕೆ ಬಿಡಬೇಕು. ಕೊಳೆ ಕೂತು ಅಥವಾ ಎಣ್ಣೆ ಗಟ್ಟಿಯಾಗಿ ಅವು ಎರಡೂ ದಿಕ್ಕಿಗೆ ಹಿಡಿಯತೊಡಗಿದರೆ ಹೀಗಾಗುತ್ತದೆ. ಹೀಗಿರುವಾಗ ಕೀ ಕೊಡುವುದನ್ನು ಮುಂದುವರಿಸಿದರೆ ಹಲ್ಲುಗಳು ಸವೆಯುತ್ತವೆ. ನಿಲ್ಲಿಸಿದೆ.

ಭೂತಗನ್ನಡಿಯಲ್ಲಿ ಕಂಡ ಇನ್ನೊಂದು ಸಂಗತಿ: ಚಕ್ರಗಳ ಒಂದೆರಡು ಅಚ್ಚುಗಳ ಸುತ್ತ, ಅವು ಕೂರುವ ಕೆಂಪು ಕಲ್ಲಿನ ಬಟ್ಟಲಿನಲ್ಲಿ, ತಿಳಿ ಎಣ್ಣೆ ಇರಬೇಕಾದ ಕಡೆ ಕಂದು ಬಣ್ಣದ ಉಂಗುರ. ಹಿಂದಿನ ಕಾಲದ ಪ್ರಾಣಿಜನ್ಯ ಎಣ್ಣೆಗಳಂತೆ ಇಂದಿನ ಸಿಂಥೆಟಿಕ್ ಎಣ್ಣೆಗಳು ಬೇಗ ಅಂಟಾಗುವುದಿಲ್ಲ ಎನ್ನುವುದು ನಿಜ. ಆದರೆ ಅವು ಇದ್ದ ಕಡೆ ಇರುವುದೂ ಇಲ್ಲ, ನಿಧಾನವಾಗಿ ಹರಡಿ ಹೋಗುತ್ತವೆ. ಒಣಗಿದ ಅಚ್ಚು ಕಲ್ಲಿಗೆ ಉಜ್ಜಿ ಉಕ್ಕಿನ ಹುಡಿ ಏಳುತ್ತದೆ, ಹುಡಿ ಉಳಿದ ಎಣ್ಣೆಯೊಂದಿಗೆ ಸೇರಿ ಅರೆಯುವ ಲೇಪವಾಗುತ್ತದೆ. ಆಮೇಲೆ ಪ್ರತಿ ಬಡಿತವೂ ಸಾಣೆ ಹಿಡಿದಂತೆ. ವಾಚು ಮಾತ್ರ ಸಮಯ ಸರಿಯಾಗಿಯೇ ತೋರಿಸುತ್ತಿರುತ್ತದೆ.

ನೀರು

ವಾಚಿಗೆ ನೀರು ಹೋದರೆ ಮೇಲಿನ ಯಾವ ಲೆಕ್ಕವೂ ಉಳಿಯುವುದಿಲ್ಲ. ಗಾಜಿನ ಒಳಗೆ ಮಂಜು ಕಂಡ ದಿನವೇ ಬಿಚ್ಚಿಸಬೇಕು. ಉಪ್ಪು ನೀರಾದರೆ ದಿನ ಎಣಿಸುವುದೂ ಬೇಡ, ಗಂಟೆ ಎಣಿಸಬೇಕು. ಹಾಗಾಗಿ ಮುಚ್ಚಳ ಹಾಕುವ ಮುಂಚೆ ಅದರ ಗ್ಯಾಸ್ಕೆಟ್ (ನೀರು ತಡೆಯುವ ರಬ್ಬರ್ ಉಂಗುರ) ನೋಡಿದೆ. ಚಪ್ಪಟೆಯಾಗಿ, ಒಂದು ಕಡೆ ಹೊಳೆಯುತ್ತಿತ್ತು. ಅದೇ ಅಳತೆಯ ಹೊಸದಕ್ಕೆ ಸಿಲಿಕೋನ್ ಗ್ರೀಸು ಸವರಿ ಹಾಕಿ, ಮುಚ್ಚಳ ಬಿಗಿದೆ. ಈ ಸಲ ಟೇಪು ಸುತ್ತಿ.

ಮನೆಯಲ್ಲಿ ಮಾಡಬಹುದಾದ ಹನಿ ಪರೀಕ್ಷೆಯೊಂದಿದೆ. ನೀರು ತಡೆಯುವ ವಾಚುಗಳ ಐಎಸ್‌ಒ 22810 ಮಾನದಂಡದಲ್ಲಿ ಬರುವ ಕ್ರಮವೇ ಅದು: ವಾಚನ್ನು 40ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿ ಗಾಜಿನ ಮೇಲೆ ತಣ್ಣನೆಯ ಒಂದು ಹನಿ ನೀರಿಟ್ಟು, ಒಂದು ನಿಮಿಷದ ನಂತರ ಒರೆಸಿ, ಒಳಗೆ ಮಂಜು ಕಟ್ಟಿದೆಯೇ ನೋಡುವುದು. ಕಟ್ಟಲಿಲ್ಲ. ಅಂದರೆ ಈಗ ಒಳಗೆ ತೇವವಿಲ್ಲ, ಅಷ್ಟೇ. ನಾಳೆ ಹೋಗುವುದಿಲ್ಲ ಎಂಬ ಭರವಸೆ ಅದರಲ್ಲಿಲ್ಲ.

ಆ ಭರವಸೆಗೆ ಒತ್ತಡದ ಪರೀಕ್ಷೆ ಬೇಕು. ಪರಿಚಯದ ರಿಪೇರಿಯವರೊಬ್ಬರ ಬಳಿ ಒಣ ಪರೀಕ್ಷೆಯ ಯಂತ್ರವಿತ್ತು. ಗಾಳಿಯ ಒತ್ತಡ ಏರಿಸಿ ಗಾಜು ಎಷ್ಟು ಬಾಗುತ್ತದೆಂದು ಅಳೆಯುತ್ತದೆ. ಗಾಳಿ ಒಳನುಗ್ಗಿದರೆ ಬಾಗಿದ ಗಾಜು ಮೆಲ್ಲನೆ ಹಿಂದಕ್ಕೆ ಬರುತ್ತದೆ. ನನ್ನದು ಹಿಂದಕ್ಕೆ ಬಂತು. ಹಿಂಬದಿಯ ಗ್ಯಾಸ್ಕೆಟ್ ಹೊಸದು, ಗಾಜಿನ ಸುತ್ತ ಅನುಮಾನ ಪಡುವಂತಹದ್ದು ಕಾಣಲಿಲ್ಲ. ಉಳಿದದ್ದು ಕ್ರೌನ್ ಮತ್ತು ಅದು ತಿರುಪಿಕೊಳ್ಳುವ ಕೊಳವೆ. ತಿರುಪಿನ ಮರೆಗಳು, ಅಂದರೆ ಸುತ್ತುಗೆರೆಗಳು, ಸವೆದಿವೆ ಎಂದು ಅವರು ಬೆರಳಲ್ಲೇ ಹೇಳಿದರು. ತಿರುಪಿ ಬಿಗಿದ ಮೇಲೂ ಕ್ರೌನ್ ಕೂದಲೆಳೆಯಷ್ಟು ಅಲುಗುತ್ತಿತ್ತು.

ಹೀಗೆ ಸರ್ವಿಸಿಗೆ ‘ಯಾವಾಗ’ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು: ಈಗ. ಇದನ್ನು ಹೇಳಿದ್ದು ಕ್ಯಾಲೆಂಡರ್ ಅಲ್ಲ. ಒಮೆಗಾ ಐದರಿಂದ ಎಂಟು ವರ್ಷಕ್ಕೊಮ್ಮೆ ಎನ್ನುತ್ತದೆ, ರೋಲೆಕ್ಸ್ ಸುಮಾರು ಹತ್ತು ವರ್ಷ ಎನ್ನುತ್ತದೆ. ಅವು ಸರಾಸರಿ ಕೈಗೆ ಹೇಳಿದ ಸರಾಸರಿ ಮಾತು. ನನ್ನ ಕೈಯನ್ನು ಅವರು ನೋಡಿಲ್ಲ. ಹದಿಮೂರು ವರ್ಷ ಎಂಬ ಸಂಖ್ಯೆಯೊಂದೇ ಇದ್ದಿದ್ದರೆ, ಬೀಸು 280 ಇದ್ದಿದ್ದರೆ, ನಾನು ಗ್ಯಾಸ್ಕೆಟ್ ಬದಲಿಸಿ ಸುಮ್ಮನಿರುತ್ತಿದ್ದೆ. ಮತ್ತೆ ಕೆಲವರು ‘ನಿಲ್ಲುವವರೆಗೆ ಓಡಲಿ’ ಎನ್ನುತ್ತಾರೆ. ಬಿಡಿಭಾಗ ಧಾರಾಳವಾಗಿ ಸಿಗುವ ಯಂತ್ರಕ್ಕೆ ಆ ವಾದ ನಡೆಯುತ್ತದೆ: ಸವೆದ ಚಕ್ರ ಎಸೆದು ಹೊಸದು ಹಾಕಿದರಾಯಿತು. ಸಿಗದಿದ್ದರೆ? ಅಲ್ಲಿಂದಲೇ ‘ಎಲ್ಲಿ’ ಎಂಬ ಪ್ರಶ್ನೆ ಹುಟ್ಟುವುದು.

ಎರಡನೆಯ ತಿಂಗಳು: ಎಲ್ಲಿ

ನಾನು ಸ್ವತಃ ಯಂತ್ರ ಬಿಚ್ಚಬಹುದೇ ಎಂಬುದನ್ನು ಒಂದು ಸಂಜೆ ಯೋಚಿಸಿದೆ. ಅಗ್ಗದ ಅಭ್ಯಾಸದ ಯಂತ್ರಗಳನ್ನು ಬಿಚ್ಚಿ ಜೋಡಿಸಿದ್ದೇನೆ. ನಾಲ್ಕರಲ್ಲಿ ಮೂರು ಓಡಿದವು. ನಾಲ್ಕನೆಯದರ ಹೇರ್‌ಸ್ಪ್ರಿಂಗ್ ಇನ್ನೂ ಒಂದು ಡಬ್ಬಿಯಲ್ಲಿದೆ, ಬಳ್ಳಿಯ ಹಾಗೆ. ಬೇಡ.

ಬ್ರಾಂಡಿನ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಬರೆದೆ. ಉತ್ತರ ಚೊಕ್ಕವಾಗಿತ್ತು. ಯಂತ್ರದ ಪೂರ್ತಿ ಸರ್ವಿಸ್, ಹೊಸ ಕ್ರೌನ್ ಮತ್ತು ಕೊಳವೆ, ಎಲ್ಲ ಗ್ಯಾಸ್ಕೆಟ್‌ಗಳು, ನೀರಿನ ಪರೀಕ್ಷೆ, ಎರಡು ವರ್ಷದ ಭರವಸೆ. ಕವಚ ಮತ್ತು ಪಟ್ಟಿಯ ಪಾಲಿಶ್, ಬೇಡವೆನ್ನದಿದ್ದರೆ ಸೇರಿಯೇ ಬರುತ್ತದೆ. ಇಲ್ಲಿಯವರೆಗೆ ದೂರಲು ಏನಿಲ್ಲ. ಮುಂದಿನ ಸಾಲು: ಡಯಲ್ ಮತ್ತು ಮುಳ್ಳುಗಳ ಹೊಳೆಯುವ ಲೇಪ ಹಳೆಯದಾದ್ದರಿಂದ ಎರಡನ್ನೂ ಬದಲಿಸಲಾಗುವುದು, ತೆಗೆದದ್ದನ್ನು ಹಿಂತಿರುಗಿಸುವುದಿಲ್ಲ.

ನನ್ನ ಡಯಲಿನ ಕೆಳಗಿನ ಅಂಚಿನಲ್ಲಿ ಸ್ವಿಸ್ ಎಂಬ ಪದದ ಎರಡೂ ಕಡೆ ಪುಟ್ಟ ‘ಟಿ’ ಅಕ್ಷರಗಳಿವೆ. ಲೇಪವನ್ನು ತನ್ನ ಮಂದ ವಿಕಿರಣದಿಂದ ಹೊಳೆಯಿಸುವ ಟ್ರಿಟಿಯಂ ಬಳಸಿದ್ದಾರೆ ಎಂಬುದರ ಗುರುತು ಅದು. 1990ರ ದಶಕದ ಕೊನೆಯ ಹೊತ್ತಿಗೆ ವಿಕಿರಣವಿಲ್ಲದ ಲುಮಿನೋವಾ ಎಂಬ ಲೇಪ ಬಂದು ಟ್ರಿಟಿಯಂ ಲೇಪ ಮರೆಯಾಯಿತು. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, 29 ವರ್ಷದಲ್ಲಿ ಉಳಿಯುವುದು ಸುಮಾರು ಐದರಲ್ಲಿ ಒಂದು ಪಾಲು. ಕತ್ತಲಲ್ಲಿ ನನ್ನ ವಾಚು ಹೊಳೆಯುವುದಿಲ್ಲ ಎಂದೇ ಹೇಳಬೇಕು. ಹಗಲಲ್ಲಿ ಮಾತ್ರ ಆ ಬಿಳಿ ಚುಕ್ಕೆಗಳು ಮಾಗಿ ಕೆನೆಬಣ್ಣಕ್ಕೆ ತಿರುಗಿವೆ, ಹನ್ನೆರಡೂ ಒಂದೇ ಹದದಲ್ಲಿ. ನಾನು ಈ ವಾಚು ಕೊಂಡದ್ದೇ ಅದಕ್ಕಾಗಿ. ಹೊಸ ಡಯಲ್ ಹಾಕಿದರೆ ವಾಚು ಹೊಸದಾಗುತ್ತದೆ, ಆದರೆ ಇದೇ ವಾಚಾಗಿ ಉಳಿಯುವುದಿಲ್ಲ. ಸಂಗ್ರಾಹಕರ ಮಾರುಕಟ್ಟೆಯ ಮಾತು ಬೇರೆ. ಅಲ್ಲಿ ಮೂಲ ಡಯಲ್ ಹೋದರೆ ಬೆಲೆಯೂ ಇಳಿಯುತ್ತದೆ.

ಮತ್ತೆ ಬರೆದೆ: ಡಯಲ್ ಮುಟ್ಟದೆ ಯಂತ್ರ ಮಾತ್ರ ಮಾಡಿಕೊಡುವಿರಾ? ಆಗುವುದಿಲ್ಲ, ಮುಳ್ಳಿನ ಲೇಪ ಬಿರುಕು ಬಿಟ್ಟಿದೆ, ಹುಡಿ ಉದುರಿ ಯಂತ್ರಕ್ಕೆ ಬಿದ್ದರೆ ನಮ್ಮ ಭರವಸೆ ಏನಾಗಬೇಕು ಎಂದರು. ಅವರ ವಾದ ತಪ್ಪಲ್ಲ, ಅದೇ ಸಂಕಟ. ಎರಡು ವರ್ಷ ತಾವು ಹೊಣೆ ಹೊರಬೇಕಾದವರು ಹಾಗೆಯೇ ಯೋಚಿಸಬೇಕು. ಅವರಿಗೆ ಬೇಕಾದದ್ದು ದೋಷವಿಲ್ಲದ ವಾಚು, ನನಗೆ ಬೇಕಾದದ್ದು ಈ ವಾಚು.

ಹೊಸ ವಾಚಾಗಿದ್ದರೆ ನಾನು ಎರಡನೆಯ ಯೋಚನೆ ಇಲ್ಲದೆ ಕೇಂದ್ರಕ್ಕೇ ಕೊಡುತ್ತಿದ್ದೆ. ವಾರಂಟಿ ಇರುವವರೆಗೆ ಹೇಗೂ ಅಲ್ಲಿಗೇ. ವಾರಂಟಿ ಮುಗಿದ ಮೇಲೂ, ಒಳಗಿರುವುದು ಆ ಬ್ರಾಂಡ್ ಮಾತ್ರ ತಯಾರಿಸುವ ಯಂತ್ರವಾಗಿದ್ದರೆ, ಸಿಲಿಕಾನ್ ಹೇರ್‌ಸ್ಪ್ರಿಂಗ್ ಇದ್ದರೆ, ಹೊರಗಿನವರಿಗೆ ಬಿಡಿಭಾಗವೂ ಸಿಗದು, ಅಳತೆಯ ಕೈಪಿಡಿಯೂ ಸಿಗದು. ಇಂಗ್ಲೆಂಡಿನ ವಾಚು ತಯಾರಕ ಜಾರ್ಜ್ ಡೇನಿಯಲ್ಸ್ ರೂಪಿಸಿ 1999ರಲ್ಲಿ ಒಮೆಗಾ ಮಾರುಕಟ್ಟೆಗೆ ತಂದ ಕೊಆ್ಯಕ್ಸಿಯಲ್ ಎಸ್ಕೇಪ್‌ಮೆಂಟನ್ನೇ ತೆಗೆದುಕೊಳ್ಳಿ. ಮುಖ್ಯ ಸ್ಪ್ರಿಂಗಿನ ಬಲವನ್ನು ತುಸುತುಸುವಾಗಿ ಬ್ಯಾಲೆನ್ಸ್ ಚಕ್ರಕ್ಕೆ ದಾಟಿಸುವ ಭಾಗ ಅದು. ಅದರಲ್ಲಿ ಯಾವ ಮೈಗೆ ಎಣ್ಣೆ ಬೇಕು, ಯಾವುದಕ್ಕೆ ಬೇಡ ಎಂಬುದೇ ಬೇರೆ ಪಾಠ. ಅಂತಹ ವಾಚನ್ನು ‘ಎಲ್ಲ ವಾಚೂ ಒಂದೇ’ ಎನ್ನುವವರ ಕೈಗೆ ಕೊಡಬಾರದು.

‘ಎಲ್ಲ ವಾಚೂ ಒಂದೇ’ ಎಂದವರೊಬ್ಬರು ನನಗೆ ಸಿಕ್ಕರು. ಹುಡುಕಿದ ಮೊದಲ ಸ್ವತಂತ್ರ ರಿಪೇರಿಯವರು. ಯಾವ ಎಣ್ಣೆ ಎಲ್ಲಿಗೆ ಹಾಕುತ್ತೀರಿ ಎಂದು ಕೇಳಿದೆ. ಈ ಪ್ರಶ್ನೆಯಿಂದಲೇ ಅರ್ಧ ತಿಳಿಯುತ್ತದೆ. ಒಂದೇ ವಾಚಿನೊಳಗೆ ಹಲವು ಬಗೆಯ ಎಣ್ಣೆ ಬೇಕು: ವೇಗವಾಗಿ ಆಡುವ ಸಣ್ಣ ಅಚ್ಚುಗಳಿಗೆ ಮೊಯೆಬಿಯಸ್ ಕಂಪನಿಯ 9010ರಂತಹ ತೆಳುವಾದದ್ದು, ಬಡಿತಕ್ಕೊಮ್ಮೆ ಚಕ್ರದ ಹಲ್ಲನ್ನು ತಡೆದು ಬಿಡುವ ಪ್ಯಾಲೆಟ್ ಕಲ್ಲುಗಳಿಗೆ 9415ರಂತಹ ಗ್ರೀಸು, ನಿಧಾನವಾಗಿ ತಿರುಗಿ ಹೆಚ್ಚು ಭಾರ ಹೊರುವ ಕಡೆಗೆ ಎಚ್‌ಪಿ 1300ರಂತಹ ದಪ್ಪದ್ದು, ಮುಖ್ಯ ಸ್ಪ್ರಿಂಗು ಜಾರಬೇಕಾದ ಬ್ಯಾರೆಲ್ಲಿನ (ಅದನ್ನು ಸುತ್ತಿಟ್ಟ ಡಬ್ಬಿಯ) ಗೋಡೆಗೆ ಬ್ರೇಕಿಂಗ್ ಗ್ರೀಸು. ಅವರ ಉತ್ತರ: ‘ಒಳ್ಳೆಯ ಎಣ್ಣೆ ಹಾಕುತ್ತೇವೆ ಸರ್.’ ಎಷ್ಟು ದಿನ ಎಂದೆ. ಎರಡು ದಿನ. ಪೂರ್ತಿ ಬಿಚ್ಚದೆ ದ್ರಾವಣದಲ್ಲಿ ಅದ್ದಿ, ಒಣಗಿಸಿ, ಕಂಡಲ್ಲಿ ಹನಿ ಎಣ್ಣೆ ಬಿಡುವ ಕೆಲಸಕ್ಕೆ ಎರಡು ದಿನವೂ ಹೆಚ್ಚು. ನಮಸ್ಕಾರ ಹೇಳಿ ಬಂದೆ.

ಎರಡನೆಯವರು ನನ್ನನ್ನೇ ಪ್ರಶ್ನೆ ಕೇಳಿದರು. ಈಜುವಾಗ ಕಟ್ಟುತ್ತೀರಾ? ಇದರಲ್ಲಿ ಯಾವುದು ಹೋದರೆ ನಿಮಗೆ ಬೇಸರ? ಹಿಂದೆ ಬಿಚ್ಚಿದವರು ಯಾರು? ಅವರು ಸ್ವಿಟ್ಜರ್ಲೆಂಡಿನಲ್ಲಿ 1966ರಿಂದ ನಡೆಯುತ್ತಿರುವ ವಾಚು ರಿಪೇರಿ ಶಾಲೆ ವೊಸ್ಟೆಪ್‌ನ ತರಬೇತಿ ಪಡೆದವರು. ಆ ಪ್ರಮಾಣಪತ್ರ ಗೋಡೆಯ ಮೇಲಿತ್ತು, ಆದರೆ ನನಗೆ ಹಿಡಿಸಿದ್ದು ಮೇಜು. ಧೂಳು ತಡೆಯುವ ಗಾಜಿನ ಗುಮ್ಮಟಗಳ ಕೆಳಗೆ ಬಿಚ್ಚಿದ ಮೂರು ಯಂತ್ರಗಳು, ಪ್ರತಿಯೊಂದರ ತಿರುಪುಗಳೂ ಬೇರೆ ಬೇರೆ ತಟ್ಟೆಯಲ್ಲಿ.

ನನ್ನ ಅಳತೆಗಳ ಹಾಳೆ ಕೊಟ್ಟೆ. ಓದಿ, ‘ಲಿಫ್ಟ್ ಆ್ಯಂಗಲ್ ಎಷ್ಟಕ್ಕೆ ಇಟ್ಟಿದ್ದಿರಿ?’ ಎಂದರು. 51 ಎಂದೆ, ಮೊದಲ ಓದಿನ ಕಥೆ ಹೇಳಲಿಲ್ಲ.

ಬಿಡಿಭಾಗದ ಮಾತು ಬಂತು. ಇಟಿಎ ಕಂಪನಿ ಇರುವುದು ಸ್ವಾಚ್ ಗ್ರೂಪಿನೊಳಗೆ. ಆ ಗುಂಪು 2015ರ ಕೊನೆಗೆ ಸಗಟು ವ್ಯಾಪಾರಿಗಳಿಗೆ ಬಿಡಿಭಾಗ ಕೊಡುವುದನ್ನು ನಿಲ್ಲಿಸಿತು. ಬ್ರಾಂಡುಗಳು ಹೀಗೆ ಸ್ವತಂತ್ರ ರಿಪೇರಿಯವರಿಗೆ ಬಿಡಿಭಾಗ ನಿರಾಕರಿಸುವುದು ಸ್ಪರ್ಧಾ ನಿಯಮಕ್ಕೆ ವಿರುದ್ಧ ಎಂದು ಯುರೋಪಿನ ರಿಪೇರಿಯವರ ಒಕ್ಕೂಟ 2004ರಲ್ಲೇ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತ್ತು. ಕಮಿಷನ್ ಅದನ್ನು ತಳ್ಳಿಹಾಕಿತು, 2010ರಲ್ಲಿ ನ್ಯಾಯಾಲಯ ಆ ತಳ್ಳಿಹಾಕುವಿಕೆಯನ್ನೇ ರದ್ದುಮಾಡಿತು, ಕಮಿಷನ್ ಮತ್ತೆ ವಿಚಾರಿಸಿ 2014ರಲ್ಲಿ ಮತ್ತೆ ತಳ್ಳಿಹಾಕಿತು, 2017ರಲ್ಲಿ ನ್ಯಾಯಾಲಯ ಆ ಎರಡನೆಯ ನಿರ್ಧಾರವನ್ನು ಒಪ್ಪಿತು. ಹದಿಮೂರು ವರ್ಷದ ಜಗಳ, ನನ್ನ ಎಣ್ಣೆಯಷ್ಟೇ ಹಳೆಯದು. ಅದರ ಫಲ ನೇರವಾಗಿ ಗಿರಾಕಿಯ ಮೇಲೆ ಬೀಳುತ್ತದೆ: ನಿಮ್ಮ ರಿಪೇರಿಯವರ ಕೈ ಎಷ್ಟೇ ಚೆನ್ನಾಗಿರಲಿ, ಡ್ರಾಯರಿನಲ್ಲಿ ಭಾಗ ಇಲ್ಲದಿದ್ದರೆ ಕೈಯಿಂದ ಏನೂ ಆಗದು.

2892ರ ಮಟ್ಟಿಗೆ ಅದೃಷ್ಟ ಚೆನ್ನಾಗಿದೆ. ದಶಕಗಟ್ಟಲೆ ತಯಾರಾದ ಯಂತ್ರ, ಹಳೆಯ ದಾಸ್ತಾನು ಇದೆ. ಸೆಲಿಟಾ ಎಂಬ ಇನ್ನೊಂದು ಸ್ವಿಸ್ ಕಂಪನಿಯ ಎಸ್‌ಡಬ್ಲ್ಯು 300 ಇದರದೇ ವಿನ್ಯಾಸದ ಮೇಲೆ ನಿಂತಿದೆ, ಅದರ ಹಲವು ಭಾಗಗಳು ಇಲ್ಲಿಯೂ ಕೂರುತ್ತವೆ. ತೊಡಕು ಇದ್ದದ್ದು ಯಂತ್ರದ್ದಲ್ಲ, ಕವಚದ್ದು. ಕ್ರೌನ್, ಕೊಳವೆ, ಗಾಜಿನ ಗ್ಯಾಸ್ಕೆಟ್ ಇವು ಬ್ರಾಂಡಿನವು, ಬೇರೆ ಕಡೆ ಹುಟ್ಟುವುದಿಲ್ಲ. ನಕಲಿ ಕ್ರೌನ್ ಸಿಗುತ್ತದೆ, ನೋಡಲು ಹಾಗೆಯೇ ಇರುತ್ತದೆ, ತಿರುಪಿನ ಮರೆಯ ಅಳತೆ ಕೂದಲಷ್ಟು ಬೇರೆ. ‘ಅಸಲಿ ಕ್ರೌನ್ ಕೈಗೆ ಬರುವವರೆಗೆ ನಿಮ್ಮ ವಾಚು ಬಿಚ್ಚುವುದಿಲ್ಲ, ನಿಮ್ಮ ಹತ್ತಿರವೇ ಇರಲಿ’ ಎಂದರು. ಇಷ್ಟು ಹೇಳಿದವರನ್ನು ಬಿಟ್ಟು ಬೇರೆಡೆಗೆ ಹೋಗುವ ಮನಸ್ಸಾಗಲಿಲ್ಲ. ಅವರು ಹೇಳಿದ ಖರ್ಚು ಕೇಂದ್ರದ ಮೂರರಲ್ಲಿ ಎರಡು ಪಾಲು. ಅದು ಅರ್ಧಕ್ಕಿಂತ ಕಡಿಮೆ ಇದ್ದಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಕೊಡುವ ದಿನ ಬರೆದುಕೊಟ್ಟ ಹಾಳೆಯಲ್ಲಿ ಇದ್ದದ್ದು ಇಷ್ಟು: ಪಾಲಿಶ್ ಬೇಡ, ಎಲ್ಲಿಯೂ. ಡಯಲ್ ಮತ್ತು ಮುಳ್ಳುಗಳನ್ನು ಬದಲಿಸುವುದು ಬೇಡ, ಮತ್ತೆ ಲೇಪ ಹಚ್ಚುವುದೂ ಬೇಡ. ತೆಗೆದ ಪ್ರತಿಯೊಂದು ಭಾಗವೂ ವಾಪಸು ಬೇಕು. ಮೊದಲಿನ ಮತ್ತು ಕೊನೆಯ ಅಳತೆಗಳು ಬರಹದಲ್ಲಿ ಬೇಕು. ಪಾಲಿಶಿನ ಬಗ್ಗೆ ಒಂದು ಮಾತು: ಗೀರು ಹೋಗುವುದು ಲೋಹ ಹೋಗುವುದರಿಂದ. ಪಟ್ಟಿ ಸೇರುವ ನಾಲ್ಕು ಕಿವಿಗಳ ಚೂಪು ಅಂಚು ಎರಡು ಪಾಲಿಶಿಗೆ ಸೋಪಿನ ಹಾಗೆ ಉರುಟಾಗುತ್ತದೆ, ಮರಳಿ ಬರುವುದಿಲ್ಲ. ಆ ಅಂಚುಗಳ, ಡಯಲಿನ, ಸರಣಿ ಸಂಖ್ಯೆಯ ಫೋಟೊಗಳನ್ನು ಅದೇ ದಿನದ ಬೆಳಕಿನಲ್ಲಿ ತೆಗೆದಿಟ್ಟೆ. ಹಿಂಬದಿಯ ಗೀರಿನದೂ ತೆಗೆದೆ, ನಾಳೆ ಅವರ ತಲೆಗೆ ಬರಬಾರದಲ್ಲ.

ಒಂಬತ್ತು ವಾರ

ಆರು ವಾರ ಎಂದಿದ್ದರು, ಒಂಬತ್ತಾಯಿತು. ನಡುವೆ ಒಮ್ಮೆ ಫೋನು ಬಂತು: ಗಂಟೆಯ ಮುಳ್ಳು ತೆಗೆಯುವಾಗ ಲೇಪದ ಒಂದು ಚೂರು ಅಲುಗುತ್ತಿದೆ, ಹಿಂದಿನಿಂದ ತೆಳು ಅಂಟಿನ ಪದರ ಕೊಟ್ಟು ಹಿಡಿದು ನಿಲ್ಲಿಸಲೇ, ಅದಕ್ಕೂ ನಿಮ್ಮ ಒಪ್ಪಿಗೆ ಬೇಕು. ಕೊಟ್ಟೆ. ಮುಂದಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಕೇಂದ್ರದವರು ಹೇಳಿದ ಹುಡಿಯ ಭಯ ಸುಳ್ಳಾಗಿರಲಿಲ್ಲ ಎಂಬುದನ್ನೂ ಇಲ್ಲಿ ಬರೆಯಬೇಕು.

ವಾಚಿನ ಜೊತೆ ಬಂದ ಪುಟ್ಟ ಚೀಲದಲ್ಲಿ ಹಳೆಯ ಮೇನ್‌ಸ್ಪ್ರಿಂಗ್, ಎರಡು ರಿವರ್ಸರ್ ಚಕ್ರಗಳು, ಕ್ರೌನ್, ಕೊಳವೆ, ಗ್ಯಾಸ್ಕೆಟ್‌ಗಳು. ಕ್ರೌನಿನೊಳಗಿದ್ದ ರಬ್ಬರು ಬೆರಳಲ್ಲಿ ಒತ್ತಿದರೆ ಕಪ್ಪು ಹುಡಿಯಾಗುತ್ತಿತ್ತು. ನಾನು ಹಿಂಬದಿಗೆ ಹಾಕಿದ್ದ ಹೊಸ ಗ್ಯಾಸ್ಕೆಟನ್ನೂ ತೆಗೆದು ಬೇರೆ ಹಾಕಿದ್ದರು. ನಾನು ಹಾಕಿದ್ದು ಅಳತೆಯಲ್ಲಿ ಸರಿ, ದಪ್ಪದಲ್ಲಿ ತುಸು ಕಡಿಮೆಯಂತೆ. ಕಂದು ಉಂಗುರವಿದ್ದ ಕಡೆ ಒಂದು ಅಚ್ಚು ಸವೆಯಲು ಶುರುವಾಗಿತ್ತು, ಉಜ್ಜಿ ಹೊಳಪು ಕೊಟ್ಟರೆ ಸಾಕಾಯಿತು, ಚಕ್ರ ಬದಲಿಸಬೇಕಾಗಲಿಲ್ಲ.

ಒಂದು ವಾರ ಕಟ್ಟಿದ ಮೇಲೆ ನನ್ನ ಯಂತ್ರದಲ್ಲಿ, ಅದೇ ಮೇಜಿನ ಮೇಲೆ, ಅದೇ ಕ್ರಮದಲ್ಲಿ ಅಳೆದೆ. ಡಯಲ್ ಮೇಲೆ 291, ನಾಲ್ಕು ಸೆಕೆಂಡು ಹೆಚ್ಚು. ಡಯಲ್ ಕೆಳಗೆ 288, ಐದು ಹೆಚ್ಚು. ಕ್ರೌನ್ ಮೇಲೆ 264, ಮೂರು ಹೆಚ್ಚು. ಕ್ರೌನ್ ಕೆಳಗೆ 262, ಒಂದು ಹೆಚ್ಚು. ಕ್ರೌನ್ ಎಡಕ್ಕೆ 259, ಎರಡು ಹೆಚ್ಚು. ಅಸಮತೆ 0.2 ಮಿಲಿಸೆಕೆಂಡ್. ಇಪ್ಪತ್ನಾಲ್ಕು ಗಂಟೆಯ ನಂತರ ಮಲಗಿಸಿದಾಗ 249, ಕ್ರೌನ್ ಕೆಳಗೆ 224. ನಿಂತದ್ದು 43ನೆಯ ಗಂಟೆಗೆ. ಭಂಗಿಗಳ ನಡುವಿನ ಅಂತರ ಮೊದಲು 14 ಸೆಕೆಂಡು ಇದ್ದದ್ದು ಈಗ ನಾಲ್ಕು.

ಕೈಯಲ್ಲಿ ಕಟ್ಟಿದಾಗ ದಿನಕ್ಕೆ ಮೂರರಿಂದ ನಾಲ್ಕು ಸೆಕೆಂಡು ಹೆಚ್ಚು ಓಡುತ್ತದೆ. ಸರ್ವಿಸಿನ ಮೊದಲೂ ಅಷ್ಟೇ ಓಡುತ್ತಿತ್ತು. ಮನೆಯವರಿಗೆ ಇದನ್ನು ವಿವರಿಸುವ ಸಾಹಸ ಮಾಡಿ ಕೈಬಿಟ್ಟೆ.

ಒತ್ತಡದ ಪರೀಕ್ಷೆಯ ಚೀಟಿಯಲ್ಲಿ ಉತ್ತೀರ್ಣ ಎಂದಿದೆ. ಆದರೂ ಇದನ್ನು ಕಟ್ಟಿಕೊಂಡು ನೀರಿಗಿಳಿಯುವುದಿಲ್ಲ. ಮಳೆಗೆ, ಕೈ ತೊಳೆಯುವುದಕ್ಕೆ ಸಾಕು. ಟ್ಯಾಬ್ಲೆಟ್ಟಿನ ಜಾಗ ಬದಲಾಗಿದೆ. ಡಯಲಿನ ಕೆನೆ ಚುಕ್ಕೆಗಳು ಹೋದಾಗ ಹೇಗಿದ್ದವೋ ಹಾಗೆಯೇ ಬಂದಿವೆ, ಕಿವಿಗಳ ಅಂಚು ಫೋಟೊದಲ್ಲಿದ್ದಷ್ಟೇ ಚೂಪು. ಪಾಲಿಶ್ ಬೇಡ, ಎಲ್ಲಿಯೂ ಎಂದು ಬರೆದುಕೊಟ್ಟಿದ್ದೆನಲ್ಲ, ಅವರು ಅದನ್ನು ಅಕ್ಷರಶಃ ಪಾಲಿಸಿದ್ದಾರೆ: ಹಿಂಬದಿಯ ಮುಚ್ಚಳದ ಮೇಲೆ ನನ್ನ ಉಗುರಿನುದ್ದದ ಗೀರು ಇದ್ದಲ್ಲಿಯೇ ಇದೆ.